ಮೆಚ್ಚಲೇಬೇಕೆ?

ನಮ್ಮ ಭಾಷೆಯದು ಎಂಬ ಕಾರಣಕ್ಕೆ ಒಂದು ಕೃತಿಯನ್ನು ಮೆಚ್ಚಲೇಬೇಕೆ? ಉಮರ್ಗಾ ತಾಲೂಕಿನ ತುರೋರಿಯಲ್ಲಿದ್ದು ಮನೆಯಲ್ಲಿ ಕನ್ನಡವಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಕಲಿತದ್ದು ಮರಾಠಿ ಶಾಲೆಯಲ್ಲಿ. ಸಾನೆ ಗುರೂಜಿಯವರ ಕೃತಿಯಿಂದ ಆಚಾರ್ಯ ಅತ್ರೆಯವರು 1953ರಲ್ಲಿ ತೆಗೆದ 'ಶ್ಯಾಮಚಿ ಆಯಿ' ಇಂದಿಗೂ ನನ್ನ ಕಣ್ಣು ತೇವಗೊಳಿಸುತ್ತದೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಹುಡುಗನಾಗಿದ್ದಾಗ ಹುಚ್ಚು ಹಿಡಿಸಿತ್ತು, ತ.ರಾ.ಸು. ಅವರನ್ನು ಓದಿದ ಮೇಲೆ ಅದೇ ಚಿತ್ರ ನಿರಾಸೆ ತಂದಿತು. ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ತುಂಬಿದರೆ ಪಾತ್ರಗಳಿಗೆ ಉಸಿರಾಡಲು ಜಾಗವೆಲ್ಲಿ? (ಅಶ್ವಥ್ ಅವರ ಚಾಮಯ್ಯ ಮೇಷ್ಟ್ರ ಮಾತು ಬೇರೆ.)

ಇದನ್ನು ನಮ್ಮವರ ನಡುವೆ ಅಂದಾಗ ಹಿರಿಯರೊಬ್ಬರು, "ಇಲ್ಲಿ ಇರೋರೇ ನಾಲ್ಕು ಮಂದಿ, ನೀನೂ ಹಿಂಗಂದ್ರ ಹ್ಯಾಂಗ?" ಎಂದು ಮುಖ ತಿರುಗಿಸಿದರು. ಖೋಟಾ ನೋಟನ್ನು ನೆಂಟರು ತಂದರೂ ಬ್ಯಾಂಕಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದೆ. ಉತ್ತರ ಜಾಣತನದ್ದು, ನ್ಯಾಯದ್ದಲ್ಲ. ಚಿತ್ರ ಖೋಟಾ ಆಗಿರಲಿಲ್ಲ, ನಾನು ಬೇರೆ ಏನನ್ನೋ ಬಯಸಿದ್ದೆ. ಆದರೂ ಸುಳ್ಳು ಹೊಗಳಿಕೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಕನ್ನಡ ಓದಲು ಬಾರದ ಮಗಳ ಮುಂದೆ, ಆ ಚಿತ್ರ ನನಗೆ ಸಾಲದೆನಿಸಿತು ಎಂದು ಒಪ್ಪಿಕೊಂಡೆ. "ಮತ್ತ ಪುಸ್ತಕದಾಗ ಏನದ?" ಎಂದು ಕೇಳಿದಳು. ಈಗ ರಾತ್ರಿ ಊಟವಾದ ಮೇಲೆ ನಾಲ್ಕು ಪುಟ ಓದಿ ಹೇಳುತ್ತಿದ್ದೇನೆ.