ಮಾತಿನ ಹಿಂಸೆ ಮತ್ತು ಅನುಮೋದನೆಯ ಹೊಣೆ

ಕೃತ, ಕಾರಿತ, ಅನುಮೋದಿತ ಎಂದು ಪಾಪವು ಮೂರು ಬಗೆಯಿಂದ ಆತ್ಮಕ್ಕೆ ಅಂಟುತ್ತದೆಂಬುದು ಜಿನಾಗಮದ ಬೋಧೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡುವವನನ್ನು ಒಪ್ಪಿದ್ದು ಎಂಬ ಈ ವಿಂಗಡಣೆಯು ಮಾತಿನ ಹಿಂಸೆಗೂ ಸಲ್ಲುತ್ತದೆ.

2012ರ ಆಗಸ್ಟ್ ತಿಂಗಳಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಫೋನಿನಲ್ಲಿ ಹರಿದ ವದಂತಿಗೆ ಹೆದರಿ ಬೆಂಗಳೂರನ್ನು ತೊರೆದರು. ಜಕ್ಕೂರಿನ ನಮ್ಮ ಅಂಗಡಿಯಲ್ಲಿದ್ದ ಅಸ್ಸಾಮಿನ ಯುವಕನೊಬ್ಬನು ಬಾಕಿ ಸಂಬಳವನ್ನೂ ಕೇಳದೆ ರೈಲು ಹತ್ತಿದನು. ಆಗ ಕೇಂದ್ರ ಸರ್ಕಾರವು ಒಮ್ಮೆಗೇ ಅನೇಕರಿಗೆ ಸಂದೇಶ ಕಳುಹಿಸುವುದಕ್ಕೆ 15 ದಿನಗಳ ನಿರ್ಬಂಧವನ್ನು ವಿಧಿಸಿತು. ಕೇಡಿಗನೊಡನೆ ನಿರಪರಾಧಿಯ ಬಾಯಿಯೂ ಕಟ್ಟಲ್ಪಟ್ಟಿತು. ಕೆಟ್ಟ ಮಾತನ್ನು ತಡೆಯಲು ಮೇಲೊಬ್ಬ ಒಡೆಯನೇ ಬೇಕೆ?

ಇನ್ನೊಂದು ಮಾರ್ಗವೂ ಉಂಟು. 2016ರಲ್ಲಿ ಹುಟ್ಟಿದ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲಕ್ಕೆ ಒಬ್ಬನೇ ಯಜಮಾನನಿಲ್ಲ. ನಮ್ಮ ಬಸದಿಗಳಿಗೆ ಬೇರೆ ಬೇರೆ ಟ್ರಸ್ಟುಗಳಿರುವಂತೆ ಅಲ್ಲಿ ಬೇರೆ ಬೇರೆ ಸರ್ವರುಗಳಿವೆ. ಪ್ರತಿಯೊಂದಕ್ಕೂ ತನ್ನದೇ ನಿಯಮ, ತನ್ನದೇ ಆಡಳಿತ. ಅವು ಪರಸ್ಪರ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಬೇಡವೆನಿಸಿದವರೊಡನೆ ಸಂಪರ್ಕವನ್ನು ಕಡಿದುಕೊಳ್ಳುತ್ತವೆ. ದ್ವೇಷದ ಬರಹಗಳಿಗೆ ಹೆಸರಾಗಿದ್ದ ಗ್ಯಾಬ್ ಎಂಬ ಅಮೆರಿಕದ ತಾಣವು 2019ರಲ್ಲಿ ಇದೇ ತಂತ್ರಾಂಶವನ್ನು ಅಳವಡಿಸಿಕೊಂಡಿತು. ತಂತ್ರಾಂಶವು ಮುಕ್ತವಾದುದರಿಂದ ಯಾರೂ ಅದನ್ನು ತಡೆಯಲಾರದೆ ಹೋದರು. ಆದರೆ ಅನೇಕ ಸರ್ವರುಗಳು ತಂತಮ್ಮ ಬಾಗಿಲುಗಳನ್ನು ಮುಚ್ಚಿದವು. ಗ್ಯಾಬಿನ ಮಾತು ನಿಲ್ಲಲಿಲ್ಲ. ಆ ಬಾಗಿಲುಗಳನ್ನು ದಾಟಲಿಲ್ಲ, ಅಷ್ಟೇ.

ವರ್ತಕರಿಗೆ ಇದು ಹೊಸತಲ್ಲ. ಹುಂಡಿಯ ಕಾಲದಲ್ಲಿ ವಂಚಕನ ಹುಂಡಿಯನ್ನು ಪೇಟೆಯವರು ಸ್ವೀಕರಿಸುತ್ತಿರಲಿಲ್ಲ. ಅದಕ್ಕೆ ರಾಜಾಜ್ಞೆ ಬೇಕಿರಲಿಲ್ಲ. ಪ್ರತಿ ಅಂಗಡಿಯ ವಿವೇಕವೇ ಸಾಕಿತ್ತು.

ಹೀಗೆ ಬಾಗಿಲು ಮುಚ್ಚುವುದು ಅನೇಕಾಂತಕ್ಕೆ ವಿರುದ್ಧವಲ್ಲವೇ ಎಂದು ಕೆಲವರು ಕೇಳಬಹುದು. ಅನೇಕಾಂತವು ಭಿನ್ನ ದೃಷ್ಟಿಗೆ ಸ್ಥಾನ ಕೊಡುತ್ತದೆ, ಪರಪೀಡೆಗೆ ಕೊಡುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆದರೂ ಎಚ್ಚರಿಕೆ ಅಗತ್ಯ. ಒಂದು ಸರ್ವರನ್ನೇ ದೂರವಿಟ್ಟಾಗ ಅಲ್ಲಿನ ಸಜ್ಜನರೂ ದೂರವಾಗುತ್ತಾರೆ. ಮುಚ್ಚಿದ ಮನೆಯೊಳಗೆ ದ್ವೇಷವು ಇನ್ನಷ್ಟು ಬಲಿಯಲೂಬಹುದು. ಆದುದರಿಂದ ಕ್ರೋಧ, ಮಾನಗಳಿಗೆ ವಶರಾಗದೆ ವಿಚಾರಿಸಿ ಬಾಗಿಲನ್ನು ಮುಚ್ಚಬೇಕು. ತಿದ್ದಿಕೊಂಡವರಿಗೆ ಕ್ಷಮೆಯಿಂದ ತೆರೆಯಲೂಬೇಕು.

ಒಡೆಯನಿಲ್ಲದ ಜಾಲದಲ್ಲಿ ಹೊಣೆಯು ಇಲ್ಲವಾಗುವುದಿಲ್ಲ, ಮನೆಮನೆಗೆ ಹಂಚಿಹೋಗುತ್ತದೆ. ನಮ್ಮ ಟ್ರಸ್ಟುಗಳ, ಕುಟುಂಬಗಳ ವಾಟ್ಸಾಪ್ ಬಳಗಗಳಲ್ಲಿಯೂ ಇದೇ ನ್ಯಾಯ. ಪರೀಕ್ಷಿಸದೆ ಸಂದೇಶವನ್ನು ಮುಂದಕ್ಕೆ ಕಳುಹಿಸುವವನು ಕಾರಿತದಲ್ಲಿ ಭಾಗಿ. ಕಂಡೂ ಸುಮ್ಮನಿರುವ ಬಳಗದ ಮುಖ್ಯಸ್ಥನು ಅನುಮೋದನೆಯಲ್ಲಿ ಭಾಗಿ.

ನಮ್ಮ ಅಂಗಡಿಯ ಆ ಯುವಕನು ಮರಳಿ ಬರಲಿಲ್ಲ. ಅವನನ್ನು ಹೆದರಿಸಿದ ಸಂದೇಶವನ್ನು ಬರೆದವನು ಯಾರೋ ಒಬ್ಬನಿರಬೇಕು. ಅದನ್ನು ಅವನವರೆಗೆ ತಲುಪಿಸಿದವರು ಹಲವರು. ಆ ಹಲವರಲ್ಲಿ ನಾವು ಸೇರದಿರೋಣ.