ಪಳಗಿದವನ ಪ್ರಮಾದ

ಅಭ್ಯಾಸದಿಂದ ಭಯವು ಕ್ಷೀಣಿಸುವುದೆಂಬುದು ಸರ್ವಾನುಭವಸಿದ್ಧವಾದ ಮಾತು. ಈಜು ಕಲಿಯಲು ಬಂದ ಬಾಲಕನು ಮೊದಲ ದಿನ ಬಾವಿಯ ಮೆಟ್ಟಿಲನ್ನು ಬಿಡಲೊಲ್ಲನು. ತಿಂಗಳು ಕಳೆದರೆ ಅದೇ ಬಾಲಕನು ಕಟ್ಟೆಯ ಮೇಲಿನಿಂದ ಧುಮುಕುವನು. ಇದು ಒಳ್ಳೆಯದೇ, ಭಯದಿಂದ ಕೈಕಾಲು ಕಟ್ಟಿಹೋದವನಿಂದ ಯಾವ ಕಾರ್ಯವೂ ಸಾಗದು. ಆದರೆ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆಯೊಂದುಂಟು. ಭಯವು ಹೊರಟುಹೋಗುವಾಗ ಎಚ್ಚರವನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗುವುದೇ? ಹಾಗೆ ಹೋದರೆ ಪಳಗಿದವನ ತಪ್ಪನ್ನು ಹೊಸಬನ ತಪ್ಪಿನಂತೆಯೇ ಕ್ಷಮಿಸಬಹುದೇ, ಅಥವಾ ತಿಳಿದವನೆಂಬ ಕಾರಣದಿಂದಲೇ ಅವನ ಹೊಣೆಯು ಹೆಚ್ಚಿನದೇ?

ಈ ಪ್ರಶ್ನೆಯನ್ನು ಪರೀಕ್ಷಿಸಲು ಕೋಲಾರ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಿಂದ ಕವಲೊಡೆದ ರೈಲುಮಾರ್ಗವು ಚಿನ್ನದ ಗಣಿಯ ಊರುಗಳನ್ನು ದಾಟಿ ಮಾರಿಕುಪ್ಪಕ್ಕೆ ಬರುತ್ತದೆ. ಅಲ್ಲಿ ಇಂದು ಕಾಣುವುದು ಸೈನೈಡ್ ದಿಬ್ಬಗಳೂ ಕೆಲಸವಿಲ್ಲದೆ ನಿಂತ ಯಂತ್ರಗಳೂ ಮಾತ್ರ. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇಲ್ಲಿ ಕೈಹಾಕಿದ ಗಣಿಗಾರಿಕೆಯು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು, ೧೯೫೬ರಲ್ಲಿ ಸರಕಾರದ ವಶವಾಗಿ, ೨೦೦೧ರಲ್ಲಿ ನಿಂತಿತು. ಈ ಅವಧಿಯಲ್ಲಿ ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಮೀರಿದ ಆಳವನ್ನು ಮುಟ್ಟಿತು. ಆ ತಳದಲ್ಲಿ ಬಂಡೆಯ ಶಾಖವು ೬೦ ಡಿಗ್ರಿ ಸೆಲ್ಸಿಯಸನ್ನು ದಾಟಿತ್ತು. ಅಷ್ಟು ಆಳವನ್ನು ಒಂದೇ ಇಳಿತದಲ್ಲಿ ಸೇರಲಾಗದು. ಒಂದು ಶಾಫ್ಟಿನಲ್ಲಿ ಇಳಿದು, ನಡೆದು, ಇನ್ನೊಂದರಲ್ಲಿ ಮತ್ತೆ ಇಳಿಯಬೇಕು. ಪ್ರತಿ ಇಳಿತದಲ್ಲಿಯೂ ಕೇಜಿನೊಳಗೆ ಭುಜಕ್ಕೆ ಭುಜ ತಾಗಿಸಿ ನಿಂತ ಅಷ್ಟು ಜನರ ಪ್ರಾಣವು ಒಂದು ಉಕ್ಕಿನ ಹಗ್ಗವನ್ನೇ ನಂಬಿತ್ತು.

ಹಗ್ಗವನ್ನು ದಿನದಿನವೂ ಪರೀಕ್ಷಿಸಬೇಕು. ಕೆಲಸವು ಕೆಲವು ಕಾಲ ನಿಂತಿದ್ದರೆ ಖಾಲಿ ಕೇಜನ್ನು ಒಮ್ಮೆ ಇಳಿಸಿ ಏರಿಸಿ ನೋಡಿದ ಮೇಲೆಯೇ ಜನರನ್ನು ಹತ್ತಿಸಬೇಕು. ಜನರಿರುವ ಕೇಜಿಗೆ ಬೇರೆ ಘಂಟೆಯ ಸಂಜ್ಞೆಯನ್ನೇ ಕೊಡಬೇಕು — ಇವು ಗಣಿಗಾರಿಕೆಯ ನಿಯಮಗಳು. ಕೆಳಗೆ ಸೇರಿದ ಮೇಲೆ, ಮಡಕೆಯನ್ನು ಕೊಳ್ಳುವ ಗೃಹಿಣಿಯು ಬೆರಳಿನಿಂದ ತಟ್ಟಿ ನೋಡುವಂತೆ, ಕೆಲಸಗಾರನು ಕಬ್ಬಿಣದ ಸಲಾಕೆಯಿಂದ ನೆತ್ತಿಯ ಬಂಡೆಯನ್ನು ತಟ್ಟಿ ಅದರ ನಾದವನ್ನು ಕೇಳಬೇಕು. ಗಟ್ಟಿಯಾದ ಬಂಡೆಯು ಖಣಿಲೆನ್ನುವುದು. ಸಡಿಲವಾದುದು ಟೊಳ್ಳಾಗಿ ನುಡಿಯುವುದು. ಈ ಕಾರ್ಯಕ್ಕೆ ಹಿಡಿಯುವ ಕಾಲ ಕೆಲವು ನಿಮಿಷ. ಹೊಸಬನು ಭಯದಿಂದ ಎರಡು ಸಲ ತಟ್ಟುವನು. ಇಪ್ಪತ್ತು ವರ್ಷ ದುಡಿದವನಿಗಾದರೋ ಬಂಡೆಯ ಬಣ್ಣವನ್ನು ನೋಡಿಯೇ ತಿಳಿಯಿತೆಂಬ ಭಾವನೆ ಬರುವ ಸಂಭವವುಂಟು. ಅನೇಕ ಸಲ ಅವನ ಊಹೆಯು ನಿಜವೂ ಆಗುವುದು. ಅಪಾಯವಿರುವುದು ಈ ನಿಜವಾಗುವುದರಲ್ಲಿಯೇ. ತಟ್ಟದೆ ಬದುಕಿದ ಪ್ರತಿಯೊಂದು ದಿನವೂ ತಟ್ಟುವುದು ಅನಾವಶ್ಯಕವೆಂದು ಅವನಿಗೆ ಪಾಠ ಹೇಳುತ್ತದೆ.

ಆಕಾಶದಿಂದ ಇಳಿಯುವವನ ಪಾಡೂ ಇದಕ್ಕಿಂತ ಭಿನ್ನವಲ್ಲ. ಗಣಿಯವನು ಹಗ್ಗವನ್ನು ನಂಬಿದಂತೆ ಇವನು ಬಟ್ಟೆಯ ಕೊಡೆಯನ್ನೂ ಅದರ ದಾರಗಳನ್ನೂ ನಂಬುತ್ತಾನೆ. ೧೭೯೭ರಲ್ಲಿ ಪ್ಯಾರಿಸ್ ನಗರದಲ್ಲಿ ಗಾರ್ನರೆನ್ ಎಂಬವನು ಬೆಲೂನಿನಿಂದ ಪ್ಯಾರಾಶೂಟ್ ಹಿಡಿದು ಇಳಿದನು. ೧೯೧೯ರಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ವಿಮಾನದಿಂದ ಹಾರಿ, ಬೀಳುತ್ತಿರುವಾಗಲೇ ತನ್ನ ಕೈಯಿಂದ ಅದನ್ನು ಬಿಚ್ಚಿ ತೋರಿಸಿದನು. ನಮ್ಮ ದೇಶದಲ್ಲಿ ಸೈನಿಕರಿಗೆ ಈ ಶಿಕ್ಷಣವು ೧೯೪೧ರಲ್ಲಿ ದೆಹಲಿಯಲ್ಲಿ ಮೊದಲಾಯಿತು. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು ಈಗ ಬೆಂಗಳೂರಿನಲ್ಲಿದೆ. ವಾಯುಸೇನೆಯ ‘ಆಕಾಶಗಂಗಾ’ ತಂಡವು ೧೯೮೭ರಲ್ಲಿ ಹುಟ್ಟಿತು. ಮೈಸೂರಿನಲ್ಲಿ ನಾಗರಿಕರೂ ವಿನೋದಾರ್ಥವಾಗಿ ಹೀಗೆ ಧುಮುಕಿದ್ದಾರೆ.

ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನು ಗಂಟೆಗೆ ಸುಮಾರು ೨೦೦ ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು ೫೫ ಮೀಟರ್ ವೇಗದಲ್ಲಿ ಇಳಿಯುತ್ತಾನೆ. ೬೦೦ ಮೀಟರ್ ಎತ್ತರದಲ್ಲಿ ಇನ್ನೂ ಕೊಡೆ ಬಿಚ್ಚದವನಿಗೆ ಉಳಿದಿರುವುದು ಹನ್ನೊಂದೇ ಸೆಕೆಂಡು. ಆದುದರಿಂದಲೇ ಅವನ ಬೆನ್ನಿನಲ್ಲಿ ಎರಡು ಕೊಡೆಗಳಿರುತ್ತವೆ. ಮೊದಲನೆಯದನ್ನು ಅವನೇ ಮಡಿಸಿಕೊಳ್ಳಬಹುದು. ಆಪತ್ತಿಗೆಂದು ಇಟ್ಟ ಎರಡನೆಯದನ್ನು ಅಧಿಕೃತ ತಜ್ಞನು ನಿಯತಕಾಲಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಸಬೇಕು. ೧೯೯೧ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋಟ್ ಎಂಬವರು ‘ಸೈಪ್ರೆಸ್’ ಎಂಬ ಚಿಕ್ಕ ಯಂತ್ರವನ್ನು ತಂದರು. ಧುಮುಕಿದವನು ಮೈಮರೆತು ಸುಮಾರು ೨೨೫ ಮೀಟರ್ ಎತ್ತರದಲ್ಲಿಯೂ ಸೆಕೆಂಡಿಗೆ ೩೫ ಮೀಟರಿಗಿಂತ ಹೆಚ್ಚಾದ ವೇಗದಲ್ಲಿ ಬೀಳುತ್ತಿದ್ದರೆ, ಅದು ತಾನಾಗಿಯೇ ಎರಡನೆಯ ಕೊಡೆಯನ್ನು ಬಿಡಿಸುತ್ತದೆ.

ಇಷ್ಟೆಲ್ಲ ರಕ್ಷಣೆಯಿದ್ದರೂ ಸಾವುಗಳು ನಿಲ್ಲಲಿಲ್ಲ. ವಿಚಿತ್ರವೇನೆಂದರೆ, ಈಚಿನ ದಶಕಗಳಲ್ಲಿ ಸತ್ತವರಲ್ಲಿ ಅನೇಕರ ಕೊಡೆಯು ಚೆನ್ನಾಗಿಯೇ ಬಿಚ್ಚಿತ್ತು. ಪಳಗಿದವರು ದೊಡ್ಡ ಕೊಡೆಯನ್ನು ಬಿಟ್ಟು ಚಿಕ್ಕದಾದ, ವೇಗವಾದ ಕೊಡೆಯನ್ನು ಆರಿಸಿಕೊಳ್ಳುತ್ತಾರೆ. ನೆಲದ ಸಮೀಪದಲ್ಲಿ ಅದರ ಒಂದು ಬದಿಯ ದಾರವನ್ನು ಬಲವಾಗಿ ಎಳೆದು ತಿರುಗಿಸಿದರೆ ಅದು ಹದ್ದಿನಂತೆ ಕೆಳಕ್ಕೆ ಎರಗುತ್ತದೆ. ಮತ್ತೆ ಸಮನಾಗಲು ಬೇಕಾದಷ್ಟು ಎತ್ತರ ಉಳಿದಿರದಿದ್ದರೆ ಆ ವೇಗದಲ್ಲಿಯೇ ನೆಲಕ್ಕೆ ಅಪ್ಪಳಿಸುತ್ತದೆ. ಇಂಥ ಸಂದರ್ಭಕ್ಕೆ ಎರಡನೆಯ ಕೊಡೆಯೂ ಒದಗದು, ಯಂತ್ರವೂ ಒದಗದು. ಪ್ಯಾರಾಶೂಟಿನ ಉಪಕರಣಗಳನ್ನು ಬಹಳವಾಗಿ ಸುಧಾರಿಸಿದ ಅಮೆರಿಕದ ಬಿಲ್ ಬೂತ್ ಎಂಬವರೇ, ಉಪಕರಣವು ಎಷ್ಟು ಸುರಕ್ಷಿತವಾಗುವುದೋ ಧುಮುಕುವವನು ಅಷ್ಟೇ ಹೆಚ್ಚು ಸಾಹಸಕ್ಕೆ ಕೈಹಾಕುವನೆಂಬ ಅಭಿಪ್ರಾಯವನ್ನು ಸೂತ್ರದಂತೆ ಹೇಳಿದ್ದಾರೆ. ಗಣಿಗಳ ಚರಿತ್ರೆಯಲ್ಲಿ ಇದಕ್ಕೆ ಹಳೆಯ ನಿದರ್ಶನವಿದೆ. ೧೮೧೫ರಲ್ಲಿ ಹಂಫ್ರಿ ಡೇವಿಯು ಕಲ್ಲಿದ್ದಲ ಗಣಿಗಳಿಗೆ ಸುರಕ್ಷಾದೀಪವನ್ನು ರಚಿಸಿಕೊಟ್ಟನು, ಆ ದೀಪದ ಬಲದಿಂದ, ಮೊದಲು ಹೆದರಿ ಬಿಟ್ಟಿದ್ದ ಅನಿಲತುಂಬಿದ ಸ್ಥಳಗಳಿಗೂ ಜನರನ್ನು ಇಳಿಸಿದರು, ಸ್ಫೋಟಗಳು ನಿಲ್ಲಲಿಲ್ಲ.

ಹಾಗಾದರೆ ಉಪಕರಣವೇ ಅನರ್ಥಕ್ಕೆ ಮೂಲವೆನ್ನಬಹುದೇ? ಹಾಗೆನ್ನುವುದು ಅನ್ಯಾಯ. ಅಮೆರಿಕದಲ್ಲಿ ೨೦೨೩ರಲ್ಲಿ ಸುಮಾರು ಮೂವತ್ತಾರೂವರೆ ಲಕ್ಷ ಧುಮುಕುಗಳು ನಡೆದು, ಸತ್ತವರು ಹತ್ತು ಮಂದಿ. ೧೯೭೦ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಸರಾಸರಿ ನಲವತ್ತಕ್ಕೂ ಮೀರಿ ಸಾಯುತ್ತಿದ್ದರು. ಉಪಕರಣವೂ ಶಿಕ್ಷಣವೂ ಪ್ರಾಣಗಳನ್ನು ಉಳಿಸಿವೆಯೆಂಬುದರಲ್ಲಿ ಸಂಶಯವಿಲ್ಲ. ದೋಷವಿರುವುದು ಉಪಕರಣದಲ್ಲಲ್ಲ, ಅದನ್ನು ಕಟ್ಟಿಕೊಂಡವನು ಮಾಡುವ ಅನುಮಾನದಲ್ಲಿ.

ಆ ಅನುಮಾನವನ್ನು ತರ್ಕಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬಹುದು. “ಸಾವಿರ ಸಲ ಇಳಿದೆ, ಸಾವಿರ ಸಲವೂ ಕ್ಷೇಮವಾಗಿ ಮುಟ್ಟಿದೆ, ಆದುದರಿಂದ ಇನ್ನು ಮುಂದೆಯೂ ಇಳಿದರೆ ಕ್ಷೇಮವೇ” ಎಂಬುದು ಪಳಗಿದವನ ಮನಸ್ಸಿನೊಳಗಿನ ವಾಕ್ಯ. ಎರಡು ಸಂಗತಿಗಳನ್ನು ಮೇಲಿಂದ ಮೇಲೆ ಜೊತೆಯಾಗಿ ಕಂಡಮಾತ್ರಕ್ಕೆ ಅವುಗಳಿಗೆ ವ್ಯಾಪ್ತಿಯು ಸಿದ್ಧಿಸದೆಂಬುದನ್ನು ಅನ್ನಂಭಟ್ಟನು ತನ್ನ ‘ತರ್ಕಸಂಗ್ರಹ’ಕ್ಕೆ ತಾನೇ ಬರೆದ ದೀಪಿಕೆಯಲ್ಲಿ ತೋರಿಸಿದ್ದಾನೆ. ಪಾರ್ಥಿವವಾದ ಪದಾರ್ಥಗಳೆಲ್ಲವೂ ಕಬ್ಬಿಣದಿಂದ ಗೀರಲ್ಪಡುವುದನ್ನು ನೂರು ಸಲ ಕಂಡಿರಬಹುದು. ಆದರೆ ವಜ್ರವು ಎದುರಾದಾಗ ಆ ನಿಯಮವು ಮುರಿದುಬೀಳುತ್ತದೆ. ಪಳಗಿದವನ ಸಾವಿರದ ಒಂದನೆಯ ಇಳಿತವು ಅಂಥ ವಜ್ರವಾಗಿರಬಹುದು.

ಇದಕ್ಕಿಂತ ಸೂಕ್ಷ್ಮವಾದ ದೋಷವು ಇನ್ನೊಂದಿದೆ. ಹೊಗೆಯಿರುವಲ್ಲಿ ಬೆಂಕಿಯಿರುವುದು ನಿಶ್ಚಯ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ. ಹಸಿಯ ಸೌದೆಯ ಸಂಬಂಧವಿದ್ದರೆ ಮಾತ್ರ ಬೆಂಕಿಯಿಂದ ಹೊಗೆ ಹುಟ್ಟುವುದು. ಈ ಹಸಿಯ ಸೌದೆಯನ್ನು ತಾರ್ಕಿಕರು ಉಪಾಧಿಯೆನ್ನುವರು. ಅದೇ ರೀತಿಯಲ್ಲಿ, ಇಳಿಯುವಿಕೆಗೂ ಕ್ಷೇಮಕ್ಕೂ ನೇರವಾದ ವ್ಯಾಪ್ತಿಯಿಲ್ಲ. ನಡುವೆ ಒಂದು ಉಪಾಧಿಯಿದೆ. ಅದು ಪ್ರತಿಸಲವೂ ಮಾಡಿದ ಪರೀಕ್ಷೆ, ತಟ್ಟಿ ನೋಡಿದ ಬಂಡೆ, ಎಳೆದು ನೋಡಿದ ಪಟ್ಟಿ. ಮೊದಲ ನೂರು ಸಲ ಅವನನ್ನು ಕಾಪಾಡಿದುದು ಈ ಎಚ್ಚರ. ಆದರೆ ಅವನು ಲೆಕ್ಕಕ್ಕೆ ಹಿಡಿದುದು ಇಳಿತಗಳ ಸಂಖ್ಯೆಯನ್ನು. ತನ್ನನ್ನು ಕಾಪಾಡಿದುದು ಅನುಭವವೆಂದು ತಿಳಿದು ಎಚ್ಚರವನ್ನು ಬಿಟ್ಟವನು, ಸೌದೆಯನ್ನು ತೆಗೆದುಹಾಕಿ ಹೊಗೆಗಾಗಿ ಕಾದಂತಾಗುವುದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಪ್ರಾಣವು ಅವನದು, ಅದನ್ನು ಪಣಕ್ಕಿಟ್ಟರೆ ಅನ್ಯರಿಗೇನು? ಆದರೆ ಕೇಜಿನಲ್ಲಿ ಒಬ್ಬನೇ ಇಳಿಯುವುದಿಲ್ಲ. ಒಬ್ಬನು ತಟ್ಟದೆ ಬಿಟ್ಟ ಬಂಡೆಯು ಪಕ್ಕದವನ ಮೇಲೆ ಬೀಳಬಹುದು. ಆಕಾಶದಲ್ಲಿಯೂ ಕೆಳಗೆ ನೋಡದೆ ತಿರುಗಿದವನು ಇನ್ನೊಬ್ಬನ ಕೊಡೆಗೆ ಸಿಕ್ಕಿಕೊಂಡು ಇಬ್ಬರನ್ನೂ ಕೆಡವಬಹುದು. ಮೇಲಾಗಿ, ಹೊಸಬರು ಕಲಿಯುವುದು ಉಪದೇಶದಿಂದಲ್ಲ, ಹಿರಿಯರ ನಡತೆಯಿಂದ. ಹಿರಿಯನು ಪರೀಕ್ಷೆಯನ್ನು ಬಿಟ್ಟರೆ, ಪರೀಕ್ಷೆಯನ್ನು ಬಿಡುವುದೇ ಹಿರಿತನದ ಗುರುತೆಂದು ಕಿರಿಯನು ಭಾವಿಸುವನು. ಹಿರಿಯನಿಗೆ ಇರುವ ಕೌಶಲವಾದರೋ ಕಿರಿಯನಿಗೆ ಇರದು. ಮನೆಯಲ್ಲಿ ಕಾದಿರುವ ಹೆಂಡತಿಮಕ್ಕಳ ಮಾತನ್ನು ಬಿಟ್ಟರೂ, ಈ ಕಾರಣದಿಂದಲೇ ಪಳಗಿದವನ ಪ್ರಮಾದವು ಅವನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಆದರೆ ಈ ತೀರ್ಪನ್ನು ಗಣಿಯ ಕೆಲಸಗಾರನ ಮೇಲೂ ವಿನೋದಕ್ಕಾಗಿ ಹಾರುವವನ ಮೇಲೂ ಒಂದೇ ತೂಕದಲ್ಲಿ ಹೊರಿಸಲಾಗದು. ಒಬ್ಬನು ಇಳಿದುದು ಅನ್ನಕ್ಕಾಗಿ, ಇನ್ನೊಬ್ಬನು ಆನಂದಕ್ಕಾಗಿ. ಗಾಳಿ ಬಲವಾಗಿದೆಯೆಂದು ಎರಡನೆಯವನು ಆ ದಿನ ಹಾರದೆ ಉಳಿಯಬಹುದು. ಮೊದಲನೆಯವನು ಕೂಲಿಯನ್ನು ಬಿಡಲಾರನು. ಚಿನ್ನದ ಗಣಿಯಲ್ಲಿ ಜನರನ್ನು ಬಹುವಾಗಿ ನಡುಗಿಸಿದುದು ‘ರಾಕ್‌ಬರ್ಸ್ಟ್’ ಎಂಬ ಶಿಲಾಸ್ಫೋಟ. ಮೇಲಿನ ಭಾರವನ್ನು ತಾಳಲಾರದೆ ಬಂಡೆಯು ಒಮ್ಮೆಗೇ ಸಿಡಿಯುವುದು. ಆಧಾರಕ್ಕೆಂದು ಅಗೆಯದೆ ಬಿಟ್ಟ ಶಿಲಾಸ್ತಂಭಗಳಲ್ಲಿಯೇ ಒತ್ತಡವು ಕೂಡಿಕೊಂಡು ಅವೇ ಸಿಡಿಯುತ್ತಿದ್ದುವೆಂದು ಕ್ರಮೇಣ ತಿಳಿಯಿತು. ಅನಂತರ ಸ್ತಂಭಗಳನ್ನು ಬಿಡದೆ ಅದಿರನ್ನು ತೆಗೆದು, ಬರಿದಾದ ಸ್ಥಳಕ್ಕೆ ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಪೇರಿಸುವ ಪದ್ಧತಿಯನ್ನು ತಂದರು. ಈ ಬಗೆಯ ಸಂಶೋಧನೆಗಾಗಿ ೧೯೮೮ರಲ್ಲಿ ಇಲ್ಲಿಯೇ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಇಂಥ ಸ್ಫೋಟಕ್ಕೆ ಸಿಕ್ಕಿದವನನ್ನು ಎಚ್ಚರಗೇಡಿಯೆನ್ನುವುದು ಕ್ರೂರವಾದ ಮಾತು. ಸಲಾಕೆಯಿಂದ ತಟ್ಟಿದರೆ ಅದು ತಿಳಿಯುವುದಿಲ್ಲ. ಅಲ್ಲಿ ಎಚ್ಚರದ ಹೊಣೆಯು ನಕ್ಷೆಯನ್ನು ಬರೆದು ಅಪ್ಪಣೆ ಕೊಟ್ಟವರದು. ಯಾರ ಕೈಯಲ್ಲಿ ನಿರ್ಣಯವಿದೆಯೋ ಅವರಲ್ಲಿಯೇ ಹೊಣೆಯೂ ಇದೆ.

ಇನ್ನು ಪಳಗಿದವನು ಮಾಡಬೇಕಾದುದೇನು? ಬಲ್ಲವರು ಹೇಳುವ ಹಿತೋಕ್ತಿಗಳು ಸರಳವಾಗಿವೆ. ಇಂತಿಷ್ಟು ಎತ್ತರದಲ್ಲಿ ಕೊಡೆಯು ಸರಿಯಾಗದಿದ್ದರೆ ಅದನ್ನು ಕಳಚಿ ಎರಡನೆಯದನ್ನು ಬಿಚ್ಚುವೆನೆಂಬುದನ್ನು ನೆಲದ ಮೇಲೆಯೇ ನಿಶ್ಚಯಿಸಿಕೊಳ್ಳಬೇಕು, ಬೀಳುತ್ತಿರುವಾಗ ಚರ್ಚಿಸಬಾರದು. ಆಪತ್ಕಾಲದ ಕೈಚಲನೆಗಳನ್ನು, ಎಂದೂ ಬೇಕಾಗದಿದ್ದರೂ, ಆಗಾಗ ನೆಲದ ಮೇಲೆ ಅಭ್ಯಾಸಮಾಡುತ್ತಿರಬೇಕು. ಬಹುಕಾಲ ಬಿಟ್ಟು ಮರಳಿ ಬಂದವನು ಹಳೆಯ ಪ್ರಮಾಣಪತ್ರವನ್ನು ನಂಬದೆ ಮತ್ತೆ ಶಿಷ್ಯನಾಗಬೇಕು. ಚಿಕ್ಕ ಕೊಡೆಗೆ ಮೆಟ್ಟಿಲುಮೆಟ್ಟಿಲಾಗಿ ಹೋಗಬೇಕು, ಹಾರಿ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಬೆನ್ನನ್ನು ತಾನು ಕಾಣಲಾರನಾದ್ದರಿಂದ, ವಿಮಾನದಿಂದ ಹೊರಡುವ ಮೊದಲು ಇನ್ನೊಬ್ಬನಿಂದ ಅದನ್ನು ನೋಡಿಸಿಕೊಳ್ಳಬೇಕು. ಆ ಇನ್ನೊಬ್ಬನು ತನಗಿಂತ ಕಿರಿಯನಾಗಿದ್ದರೂ ಸರಿ.

ಈ ಕೊನೆಯದೇ ಕಷ್ಟತರವಾದುದು. ಏಕೆಂದರೆ ಇದು ಕೈಗೆ ಸಂಬಂಧಿಸಿದುದಲ್ಲ, ಅಹಂಕಾರಕ್ಕೆ ಸಂಬಂಧಿಸಿದುದು. ನಮ್ಮ ಹಿರಿಯರು ವೇದವನ್ನು ಕಾಪಾಡಿದ ರೀತಿಯು ಇಲ್ಲಿ ಸ್ಮರಣಾರ್ಹವಾಗಿದೆ. ಒಂದೇ ಮಂತ್ರವನ್ನು ಪದ, ಕ್ರಮ, ಜಟೆ, ಘನ ಎಂದು ಹಲವು ವಿಧವಾಗಿ ಹೆಣೆದು ಹೇಳುವ ಏರ್ಪಾಡು, ಒಂದರಲ್ಲಿ ತಪ್ಪಿದುದು ಇನ್ನೊಂದರಲ್ಲಿ ಸಿಕ್ಕಿಬೀಳಲೆಂದು. ಘನಪಾಠಿಯೂ ಜೊತೆಗಾರನೊಡನೆ ಕುಳಿತು ಹೇಳುವನು; ಒಂದೇ ಬಗೆಯ ಪದಗಳು ಎರಡು ಕಡೆ ಬರುವಲ್ಲಿ ನಾಲಗೆಯು ಜಾರುವುದು ಕಂಠಸ್ಥವಿದ್ದವನಿಗೇ ಹೊರತು ಪುಸ್ತಕ ನೋಡಿ ಓದುವ ಹೊಸಬನಿಗಲ್ಲ. ಕಿರಿಯನು ತಪ್ಪನ್ನು ತೋರಿಸಿದರೆ ಘನಪಾಠಿಯ ಗೌರವವು ಕುಂದುವುದಿಲ್ಲ, ಮಂತ್ರವು ಉಳಿಯುತ್ತದೆ.

ಸನತ್ಸುಜಾತೀಯದಲ್ಲಿ ಪ್ರಮಾದವನ್ನೇ ಮೃತ್ಯುವೆಂದು ಎಣಿಸಿದೆ. ಗೀತೆಯು ಅಭಯವನ್ನು ದೈವೀಸಂಪತ್ತಿನ ಮೊದಲಿಗೆ ಇಟ್ಟಿದೆಯಾದರೂ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದೆಂದು ತಿಳಿದ ಬುದ್ಧಿಯನ್ನೇ ಸಾತ್ತ್ವಿಕವೆಂದು ಹೇಳಿದೆ. ಎರಡಕ್ಕೂ ವಿರೋಧವಿಲ್ಲ. ಅಭ್ಯಾಸದಿಂದ ನೀಗಬೇಕಾದುದು ಕೈಯನ್ನು ನಡುಗಿಸುವ ಭೀತಿ. ಉಳಿಯಬೇಕಾದುದು ಅಪಾಯದ ಅರಿವು. ಹೊಸಬನಲ್ಲಿ ಇವೆರಡೂ ಬೆರೆತಿರುವುದರಿಂದ ಅವನ ಭೀತಿಯೇ ಅವನಿಗೆ ಕಾವಲಾಗಿರುತ್ತದೆ. ಪಳಗಿದವನಿಗೆ ಆ ಕಾವಲಿಲ್ಲ. ಭೀತಿಯು ಉಚಿತವಾಗಿ ಮಾಡಿಕೊಡುತ್ತಿದ್ದ ಕೆಲಸವನ್ನು ಅವನು ಇನ್ನು ಮುಂದೆ ಬುದ್ಧಿಪೂರ್ವಕವಾಗಿ, ದಿನದಿನವೂ, ತಾನೇ ಮಾಡಬೇಕು. ಅವನ ಹೊಣೆಯು ಹೊಸಬನದಕ್ಕಿಂತ ಹೆಚ್ಚಿನದೆಂದು ಹೇಳುವುದು ಈ ಕಾರಣದಿಂದಲೇ.