ನೋಡುವವನ ಋಣ

ದೇವಾಲಯಕ್ಕೆ ಬರುವವರು ಎರಡು ಬಗೆಯವರು: ಪೂಜಿಸಲು ಬರುವವರು ಕೆಲವರು, ನೋಡಲು ಬರುವವರು ಹಲವರು. ಮೊದಲನೆಯವರಿಗೆ ಆ ಸ್ಥಳದಲ್ಲಿ ಅಧಿಕಾರವುಂಟೆಂಬುದನ್ನು ಯಾರೂ ಅಲ್ಲಗಳೆಯರು. ಎರಡನೆಯವರ ಸ್ಥಾನವಾವುದು? ಆ ಮತದಲ್ಲಿ ಶ್ರದ್ಧೆಯಿಲ್ಲದ ಕಣ್ಣಿಗೆ ಅಲ್ಲಿ ಹಕ್ಕೇನು, ಋಣವೇನು? ಫ್ರಾನ್ಸ್ ದೇಶದಲ್ಲಿ ಈ ಪ್ರಶ್ನೆಯು 2024ರಲ್ಲಿ ಹಣದ ಮಾತಾಗಿ ತಲೆಯೆತ್ತಿತು.

2019ನೆಯ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದ ಮರದ ಮಾಡು ಬೆಂಕಿಗೆ ಆಹುತಿಯಾಗಿ, ಅದರ ಶಿಖರವು ಕುಸಿದುಬಿದ್ದಿತು. ಜೀರ್ಣೋದ್ಧಾರವಾಗಿ 2024ರ ಡಿಸೆಂಬರಿನಲ್ಲಿ ಬಾಗಿಲು ಮರಳಿ ತೆರೆಯಿತು. ಅದಕ್ಕೆ ಸ್ವಲ್ಪ ಮೊದಲು ಆ ದೇಶದ ಸಂಸ್ಕೃತಿ ಸಚಿವೆಯು, ಪ್ರೇಕ್ಷಕರಿಂದ ತಲೆಗೆ 5 ಯೂರೋ ಶುಲ್ಕವನ್ನೆತ್ತಿ ದೇಶದ ಶಿಥಿಲವಾದ ಇಗರ್ಜಿಗಳನ್ನು ಉಳಿಸಬಹುದೆಂದು ಸೂಚಿಸಿದರು. ಧರ್ಮಾಧಿಕಾರಿಗಳು ಇದಕ್ಕೊಪ್ಪಲಿಲ್ಲ. 1905ರ ಶಾಸನದಂತೆ ಅಲ್ಲಿನ ಮಹಾದೇವಾಲಯಗಳು ಸರಕಾರದ ಸೊತ್ತು; ಪೂಜೆಯು ಮಾತ್ರ ಪಾದ್ರಿಗಳದು. ನೋಡಬರುವವರಿಂದ ಸುಂಕವನ್ನು ಕೊಳ್ಳಬಾರದೆಂದೂ ಆ ಶಾಸನವೇ ಹೇಳುವುದು.

ಸಚಿವೆಯ ಮಾತು ಅನ್ಯಾಯವಾದುದೆನ್ನಲಾಗದು. ಕಲ್ಲು ಭಕ್ತಿಯಿಂದ ಮಾತ್ರ ನಿಲ್ಲದು. ಅದಕ್ಕೆ ಗಾರೆ ಬೇಕು, ಗಾರೆಗೆ ಹಣ ಬೇಕು. ಆದರೆ ಶುಲ್ಕವು ಬಾಗಿಲಲ್ಲಿ ಒಬ್ಬ ಪರೀಕ್ಷಕನನ್ನು ನಿಲ್ಲಿಸುವುದು. ‘ಬಂದುದು ಪ್ರಾರ್ಥನೆಗೋ, ನೋಟಕ್ಕೋ?’ ಎಂದು ಅವನು ಕೇಳಬೇಕಾಗುವುದು. ಇದಕ್ಕೆ ದಿಟವಾದ ಉತ್ತರವನ್ನು ಕೊಡಬಲ್ಲವರಾರು? ನೋಡಬಂದವನು ಮೊಳಕಾಲೂರುವುದುಂಟು, ಪ್ರಾರ್ಥಿಸಬಂದವನ ಚಿತ್ತವು ಕಂಬದಿಂದ ಕಂಬಕ್ಕೆ ಅಲೆಯುವುದೂ ಉಂಟು. ಕನ್ನಡದಲ್ಲಿ ‘ನೋಟ’ವೆಂಬುದೊಂದು, ‘ದರ್ಶನ’ವೆಂಬುದೊಂದು. ಒಂದು ಇನ್ನೊಂದಾಗುವ ಗಳಿಗೆಯನ್ನು ಹೊರಗೆ ನಿಂತವರು ಅರಿಯರು.

ಷಾರ್ತ್ರ್ ಪಟ್ಟಣದ ಮಹಾದೇವಾಲಯವು ಈ ವಿಷಯದಲ್ಲಿ ಒಳ್ಳೆಯ ಗುರು. 1194ರ ಬೆಂಕಿಯಲ್ಲಿ ಹಳೆಯ ಕಟ್ಟಡದ ಬಹುಭಾಗವು ಸುಟ್ಟುಹೋಗಲು, ಜನರು ಅದನ್ನು ಮತ್ತೆ ಕಟ್ಟಿದರು. 1260ರಲ್ಲಿ ಅದರ ಪ್ರತಿಷ್ಠೆಯಾಯಿತು. ಅಲ್ಲಿನ ಬಣ್ಣದ ಗಾಜಿನ ಕಿಟಕಿಗಳು ಬಹುಮಟ್ಟಿಗೆ ಆ ಕಾಲದವೇ ಉಳಿದಿವೆ. ನೆಲದ ಮೇಲೆ ನೀಲಿ, ಕೆಂಪು ಬೆಳಕು ಚೆಲ್ಲುವುದು. ಆದರೆ ಬಹಳ ಎತ್ತರದ ಗಾಜುಗಳಲ್ಲಿನ ನಯವಾದ ರೇಖೆಗಳು ಕೆಳಗೆ ನಿಂತವನ ಕಣ್ಣಿಗೆ ಎಟುಕವು. ಅಲ್ಲಿ ಕುಶಲಿಗಳು ದುಡಿದುದು ಪ್ರೇಕ್ಷಕನ ಮೆಚ್ಚಿಕೆಗಾಗಿ ಅಲ್ಲ, ಅದು ಅರ್ಪಣೆ. ತನಗಾಗಿ ಮಾಡದುದನ್ನು ತಾನು ನೋಡುತ್ತಿರುವೆನೆಂಬ ಅರಿವೇ ನೋಡುವವನಿಗೆ ಅಲ್ಲಿ ದೊರೆಯುವ ಮೊದಲ ಪಾಠ.

ಹಾಗಾದರೆ ಅವನು ಅಲ್ಲಿ ಕೇವಲ ಅನ್ಯನೆ? ಕ್ಲೂನಿ ಮಠದ ಕಥೆಯು ಬೇರೆ ಉತ್ತರವನ್ನು ಕೊಡುವುದು. 1088ರಲ್ಲಿ ಆರಂಭವಾದ ಅಲ್ಲಿನ ದೇವಾಲಯವು ಸುಮಾರು 187 ಮೀಟರು ಉದ್ದವಿದ್ದು, ಕ್ರೈಸ್ತ ಜಗತ್ತಿನಲ್ಲೇ ಬಹುಕಾಲ ಮಹತ್ತರವೆನಿಸಿತ್ತು. 1789ರ ಕ್ರಾಂತಿಯ ತರುವಾಯ ಸನ್ಯಾಸಿಗಳು ಹೊರಟುಹೋದರು. 1798ರಲ್ಲಿ ಮಠವು ಮಾರಾಟವಾಯಿತು. ಕೊಂಡವರಿಗೆ ಅದು ಕಲ್ಲಿನ ಗಣಿಯಾಯಿತು; ಇಪ್ಪತ್ತೈದು ವರ್ಷಗಳಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉಳಿಯಿತು. ಪೂಜಿಸುವವರು ಅಲ್ಲಿರಲಿಲ್ಲ, ಬೆಲೆಯರಿತು ನೋಡುವವರು ಸಾಕಷ್ಟು ಹುಟ್ಟಿರಲಿಲ್ಲ. ಇಬ್ಬರೂ ಇಲ್ಲದ ಹೊತ್ತಿನಲ್ಲಿ ದೇವಾಲಯವು ಬರಿಯ ಕಲ್ಲಾಯಿತು.

ನೋತ್ರ್ ದಾಮಿನಲ್ಲಾದರೋ ಆಗ ಪೂಜೆಯಿತ್ತು. ಆದರೂ ಕಟ್ಟಡವು ಜೀರ್ಣವಾಗುತ್ತಿತ್ತು. 1831ರಲ್ಲಿ ವಿಕ್ತರ್ ಹ್ಯೂಗೋ ಬರೆದ ಕಾದಂಬರಿಯು ಜನರ ಕಣ್ಣನ್ನು ಅತ್ತ ತಿರುಗಿಸಿತು. 1840ರ ದಶಕದಲ್ಲಿ ಜೀರ್ಣೋದ್ಧಾರಕ್ಕೆ ಕೈಹಚ್ಚಿದರು. ಅಲ್ಲಿ ಕಲ್ಲನ್ನು ಕಾಪಾಡಿದುದರಲ್ಲಿ ನೋಟಕ್ಕೂ ಪಾಲಿತ್ತು.

ಆದುದರಿಂದ ನೋಡುವವನು ಅತಿಥಿಯಲ್ಲದೆ ಕಾವಲುಗಾರನೂ ಅಹುದು. ಆದರೆ ಕಾವಲಿಗೆ ಎಚ್ಚರ ಬೇಕು. ಕಿಟಕಿಯ ಕಡೆಗೆ ಬೆನ್ನುಮಾಡಿ ತನ್ನ ಚಿತ್ರವನ್ನೇ ತೆಗೆದುಕೊಂಡು ಹೊರಡುವವನು ಏನನ್ನೂ ಕಾಯನು. ಮೂಲೆಯಲ್ಲಿ ಪ್ರಾರ್ಥಿಸುವ ಮುದುಕಿಯ ಮೌನವನ್ನು ಕೆಡಿಸುವವನು ಕಳೆದೇ ಹೋಗುವನು. ಶುಲ್ಕವು ಮಾಡನ್ನು ಹೊದಿಸಬಲ್ಲದು, ಆದರೆ ಈ ಋಣವನ್ನು ತೀರಿಸಲಾರದು. ತಾಳ್ಮೆಯಿಂದ ನಿಲ್ಲುವುದು, ಅರಿಯಲು ಯತ್ನಿಸುವುದು, ಅರಿಯದುದರ ಮುಂದೆ ಮಾತನ್ನು ತಗ್ಗಿಸುವುದು: ಪರರ ದೇವರ ಮನೆಯಲ್ಲಿ ನಿಂತವನು ತೆರಬೇಕಾದ ಸುಂಕವು ಇಷ್ಟೆ.